ಗಂಗೊಳ್ಳಿಯ ಚಪ್ಪಟೆ ಹುಳು

ಸಮುದ್ರದ ಹವಳವನ್ನು ಮನೆಯೊಳಗೆ ತಂದು ಸಾಕುವ ಕಾಲ ಬಂದರೆ ಮೊದಲು ಏನಾಗುತ್ತದೆ? ಜಗಳ ಆಗುತ್ತದೆ. ಎಲ್ಲಿ ಇಡುವುದು ಅಂತ.

ಗಂಗೊಳ್ಳಿ ಬಂದರಿನ ಹತ್ತಿರ ಸುಲೋಚನಾ ಖಾರ್ವಿಯ ಮನೆಯಲ್ಲೂ ಅದೇ ಆಯಿತು. ಹವಳ ಕೇಂದ್ರದವರು ಕೊಟ್ಟ ಗಾಜಿನ ತೊಟ್ಟಿ ಒಬ್ಬ ಮನುಷ್ಯ ಕಾಲು ಚಾಚಿ ಮಲಗುವಷ್ಟು ಉದ್ದ. ಉಪ್ಪುನೀರು ತುಂಬಿದ ಮೇಲೆ ಆನೆ ತಳ್ಳಿದರೂ ಅಲುಗುವುದಿಲ್ಲ. ದೇವರ ಪಕ್ಕ ಬೇಡ ಎಂದಳು ಅತ್ತೆ ಮುಕ್ತಾಬಾಯಿ. ಮಲಗುವ ಕೋಣೆಯಲ್ಲಿ ಬೇಡ, ಮೋಟರಿನ ಸದ್ದಿಗೆ ನಿದ್ದೆ ಬರುವುದಿಲ್ಲ ಎಂದ ಗಂಡ ದಿನಕರ. ಅವನು ತಿಂಗಳಲ್ಲಿ ಹೆಚ್ಚಿನ ದಿನ ಬೋಟಿನ ಇಂಜಿನ್ನಿನ ಮೇಲೆಯೇ ಮಲಗುವವನು, ಆ ಮಾತು ಬೇರೆ. ಕೊನೆಗೆ ಉಳಿದದ್ದು ಮುಂದಿನ ಕೋಣೆ, ಅತ್ತೆ ಸೊಸೆ ಸೇರಿ ಬೆಳಗಿನ ಹೊತ್ತು ಕ್ಯಾಂಟೀನು ನಡೆಸುವ ಜಾಗ. ಬೆಂಚುಗಳನ್ನು ಈಚೆ ಎಳೆದು, ಅಡುಗೆಮನೆಗೆ ತಾಗಿದ ಗೋಡೆಯ ಪಕ್ಕ ತೊಟ್ಟಿ ಇಟ್ಟರು. ಬೋಟು ಇಳಿದು ಬಂದವರಿಗೆ ದೋಸೆ ತಿನ್ನುತ್ತಾ ನೋಡಲಿಕ್ಕೆ ಒಂದು ಸಿಕ್ಕಿತು.

ನೇತ್ರಾಣಿ ದ್ವೀಪದ ಸುತ್ತ ನೀರಿನೊಳಗಿದ್ದ ಹವಳದ ತೋಟ, ಒಂದರ ಹಿಂದೆ ಒಂದು ಬಂದ ಬಿರುಬೇಸಿಗೆಗಳಲ್ಲಿ ಬೆಳ್ಳಗಾಗಿ ಹೋಗಿತ್ತು. ಹವಳ ಹೋದ ಮೇಲೆ ಅದರ ಸಂದಿಯಲ್ಲಿ ಮನೆ ಮಾಡಿಕೊಂಡಿದ್ದ ಮೀನೂ ಹೋಯಿತು. ಪೂರಾ ಹೋಗುವ ಮೊದಲು ಕತ್ತರಿಸಿ ತಂದ ಹೆಬ್ಬೆರಳಿನಷ್ಟು ತುಂಡುಗಳನ್ನು ಕೇಂದ್ರದವರು ಭಟ್ಕಳದಿಂದ ಮಲ್ಪೆಯವರೆಗೆ ಕರಾವಳಿಯ ಮನೆಗಳಿಗೆ ಹಂಚಿದರು. ಒಂದೇ ಕಡೆ ಇಟ್ಟರೆ ಒಂದೇ ರೋಗಕ್ಕೆ ಎಲ್ಲ ಹೋದೀತು, ನೂರಾರು ಮನೆಯಲ್ಲಿದ್ದರೆ ಎಲ್ಲೋ ಒಂದು ಕಡೆ ಉಳಿದೀತು. ಇಂಥ ಮನೆಗಳಿಗೆ ಸಾಕುಮನೆ ಎಂದು ಹೆಸರು. ದೊಡ್ಡದು ಮಾಡಿ ಕೊಡಿ, ಮತ್ತೆ ಸಮುದ್ರದಲ್ಲಿ ನೆಡುತ್ತೇವೆ ಎಂದು ಕೇಂದ್ರದವರ ಮಾತು.

ಪ್ರತಿ ತೊಟ್ಟಿಯ ಗಾಜಿಗೂ ಒಂದು ಯಂತ್ರ ಅಂಟಿಸಿದ್ದರು. ತೆಂಗಿನ ಗೆರಟೆಯಷ್ಟು ದೊಡ್ಡದು. ಜನ ಅದಕ್ಕೆ 'ಕಣ್ಣು' ಎಂದೇ ಹೇಳುತ್ತಿದ್ದರು. ನೀರಿನೊಳಗೆ ಅಲುಗುವ ಪ್ರತಿಯೊಂದನ್ನೂ ನೋಡಿ, ಇದು ಇಂಥದ್ದು ಎಂದು ಗುರುತು ಹೇಳಿ, ಮನೆಯವರ ಫೋನಿಗೂ ಮಲ್ಪೆಯ ಕೇಂದ್ರಕ್ಕೂ ಸುದ್ದಿ ಮುಟ್ಟಿಸುವುದು ಅದರ ಕೆಲಸ. ನೀರಿನ ಬಿಸಿ ಅಳೆದು, ತಂಪು ಮಾಡುವ ಯಂತ್ರವನ್ನು ನಡೆಸುವುದೂ ಅದೇ.

ಸುಲೋಚನಾಳ ಹೆಬ್ಬೆರಳಿನಷ್ಟು ತುಂಡು ಮೂರು ವರ್ಷದಲ್ಲಿ ದೊಡ್ಡ ಹೂಕೋಸಿನಷ್ಟು ಪೊದೆಯಾಗಿತ್ತು. ಜಿಂಕೆಯ ಕೊಂಬಿನಂಥ ಕವಲುಗಳು, ಕಂದು ಮೈ, ತುದಿಯಲ್ಲಿ ಮಾತ್ರ ನೀಲಿ. ಈ ಬೇಸಿಗೆಯ ಸೆಕೆಗೆ ಸಾಕುಮನೆಗಳಲ್ಲೂ ಹವಳ ಬಿಳಿಚಲು ಶುರುವಾಗಿತ್ತು. ಕರೆಂಟು ಹೋಗುವುದು, ನೀರು ತಂಪು ಮಾಡುವ ಚಿಲ್ಲರ್ ನಿಲ್ಲುವುದು, ಹವಳ ಬೆಳ್ಳಗಾಗುವುದು. ಗಂಗೊಳ್ಳಿಯಲ್ಲಿ ಬಣ್ಣ ಉಳಿಸಿಕೊಂಡದ್ದು ಇವಳದ್ದೊಂದೇ. ಮಳೆಗಾಲ ಮುಗಿದ ಮೇಲೆ ಮೊದಲು ಸಮುದ್ರಕ್ಕೆ ಹೋಗುವುದು ಇದೇ ಎಂದು ಕೇಂದ್ರದಿಂದ ಹೇಳಿಕಳಿಸಿದ್ದರು. ಸುಲೋಚನಾ ಆ ಮಾತನ್ನು ಬಂದು ಹೋದವರಿಗೆಲ್ಲ ಹೇಳಿ ಮುಗಿಸಿದ್ದಳು.

ಆ ಸೋಮವಾರ ಬೆಳಿಗ್ಗೆ ಅವಳು ಹವಳದ ಮೈ ತೊಳೆಯುತ್ತಿದ್ದಳು. ಕವಲಿನ ಸಂದಿಯಲ್ಲಿ ಕಸ ಕೂತರೆ ನೀರು ಚಿಮ್ಮಿಸಿ ಎಬ್ಬಿಸಬೇಕು. ಕೇಂದ್ರದವರು ಅದಕ್ಕೆಂದು ಕೊಟ್ಟ ರಬ್ಬರಿನ ಉಂಡೆ ಎಂದೋ ಹರಿದುಹೋಗಿತ್ತು. ಹೋಳಿಯೇ ದೊಡ್ಡ ಹಬ್ಬವಾದ ಖಾರ್ವಿಗಳ ಮನೆಯಲ್ಲಿ ಪಿಚಕಾರಿಗೆ ಏನು ಕೊರತೆ? ಅದನ್ನೇ ನೀರೊಳಗೆ ಅದ್ದಿ ಒತ್ತಿದಳು. ಹವಳದ ಮೈಯಿಂದ ಕಂದು ಬಣ್ಣದ ತೆಳುವಾದ ಚೂರುಗಳು ಎದ್ದು ನೀರಿನಲ್ಲಿ ತೇಲಿದವು.

"ಅತ್ತಿಗೆ, ನಿಮ್ಮ ಹವಳಕ್ಕೆ ತಲೆಹೊಟ್ಟು ಆಗಿದೆ," ಎಂದ ಪಾಂಡುರಂಗ. ದಿನಕರ ಹೋಗುವ ಬೋಟಿನ ತಾಂಡೇಲ ಅವನು. ಬೋಟು ನಡೆಸುವುದು ಅವನ ಕೈ, ಊರಿನ ಸುದ್ದಿ ನಡೆಸುವುದು ಅವನ ಬಾಯಿ. ಈ ವಾರ ಬೋಟನ್ನು ತಮ್ಮನಿಗೆ ಕೊಟ್ಟು ಅವನು ದಡದಲ್ಲೇ ಉಳಿದಿದ್ದ.

"ನಿನ್ನ ತಲೆ ನೋಡಿಕೋ ಮೊದಲು."

"ನನ್ನ ತಲೆಯದ್ದು ಈಜುವುದಿಲ್ಲ ಮಾರಾಯ್ತಿ. ಅಲ್ಲಿ ನೋಡಿ."

ಒಂದು ಚೂರು ಅಂಚು ಮಡಚಿ, ಬಿಡಿಸಿ, ಮತ್ತೆ ಮಡಚಿ, ಮೆಲ್ಲನೆ ಹವಳದ ಕಡೆಗೇ ಈಜುತ್ತಿತ್ತು. ಕಾಗದದಷ್ಟು ತೆಳು, ಬೆರಳಿನ ಉಗುರಿನಷ್ಟು ಉದ್ದ. ಹವಳದ ಮೇಲೆ ಕೂತದ್ದೇ ಕಾಣದಾಯಿತು, ಬಣ್ಣ ಅಷ್ಟು ಸರಿಯಾಗಿ ಕೂಡಿಕೊಂಡಿತು.

ಅಷ್ಟರಲ್ಲಿ ಗಾಜಿನ ಮೇಲಿನ ಕಣ್ಣಿನಲ್ಲಿ ಕೆಂಪು ದೀಪ ಹತ್ತಿತು. ಸುಲೋಚನಾಳ ಫೋನು ಎಲ್ಲರಿಗೂ ಕೇಳುವ ಹಾಗೆ ಮಾತಾಡಿತು: "ಹವಳ ತಿನ್ನುವ ಚಪ್ಪಟೆ ಹುಳು. ಈ ತೊಟ್ಟಿಯ ನೀರನ್ನು ಹೊರಗೆ ಚೆಲ್ಲಬೇಡಿ."

ಬೆಂಚಿನ ಮೇಲಿದ್ದ ಒಬ್ಬ ಅರ್ಧ ದೋಸೆ ಬಿಟ್ಟು ಎದ್ದ.

"ಎಲ್ಲಿಗೆ?" ಎಂದಳು ಮುಕ್ತಾಬಾಯಿ ಅಡುಗೆಮನೆಯ ಬಾಗಿಲಿನಿಂದ. "ಅದು ಹಾರಿ ಬಂದು ನಿನ್ನ ಚಟ್ನಿಯಲ್ಲಿ ಕೂರ್ತದಾ? ಕೂತ್ಕೋ!"

ಅವನು ಕೂರಲಿಲ್ಲ.

*

ಮಲ್ಪೆಯ ಕೇಂದ್ರದ ನಿಗಾ ಕೋಣೆಯ ಗೋಡೆ ತುಂಬ ಕರಾವಳಿಯ ನಕ್ಷೆ. ಚೆನ್ನಾಗಿರುವ ಸಾಕುಮನೆಗೆ ಹಸಿರು ಚುಕ್ಕಿ, ಬಿಳಿಚಿದ್ದಕ್ಕೆ ಹಳದಿ. ಆ ಬೇಸಿಗೆಯಲ್ಲಿ ಹಳದಿಯೇ ಹೆಚ್ಚು. ಗಂಗೊಳ್ಳಿಯಲ್ಲಿ ಉಳಿದಿದ್ದ ಒಂದು ಹಸಿರು ಈಗ ಕೆಂಪಾಯಿತು.

"ಗುರುವಾರ ಗಾಡಿ ಕಳಿಸಿ," ಎಂದರು ಕೇಂದ್ರದ ಮುಖ್ಯಸ್ಥ ಶೇಷಗಿರಿ ಕಾಮತರು. "ತೊಟ್ಟಿ ಖಾಲಿ ಮಾಡಿ, ಹವಳವನ್ನು ಸಿಹಿನೀರಿನ ಡ್ರಮ್ಮಿಗೆ ಹಾಕಿ."

ಸಿಹಿನೀರಿನಲ್ಲಿ ಹುಳು ಸಾಯುತ್ತದೆ. ಹುಳು ಸಾಯುವಷ್ಟು ಹೊತ್ತು ಇಟ್ಟರೆ ಹವಳವೂ ಸಾಯುತ್ತದೆ.

"ಸರ್, ಹವಳ ಇಷ್ಟು ಚೆನ್ನಾಗಿದೆಯಲ್ಲ?" ಎಂದಳು ಫ್ಲೇವಿಯಾ ಲೋಬೊ. ಸಮುದ್ರದ ಹುಳುಗಳೇ ಅವಳ ಓದು, ಅವಳ ಕೆಲಸ. "ತಿನ್ನುವ ಹುಳು ಇಷ್ಟೊಂದು ಇದ್ದರೆ ಹವಳ ಇಷ್ಟರಲ್ಲಿ ಬರೀ ಎಲುಬಾಗಬೇಕಿತ್ತು."

"ಬೈಂದೂರಿನಲ್ಲೂ ನೀವು ಹೀಗೇ ಹೇಳಿದ್ದಿರಾ?"

"ಆಗ ನಾನು ಇಲ್ಲಿರಲಿಲ್ಲ."

"ನಾನಿದ್ದೆ. ಚೆನ್ನಾಗಿದೆಯಲ್ಲ ಪಾಪ, ಇನ್ನೊಂದು ವಾರ ನೋಡುವ ಅಂತ ಬಿಟ್ಟೆ. ಒಬ್ಬರ ತೊಟ್ಟಿಯ ನೀರು ಇನ್ನೊಬ್ಬರಿಗೆ ಹೋಯಿತು, ನೀರಿನ ಜೊತೆ ಹುಳು ಹೋಯಿತು. ಆ ಬೀದಿಯಲ್ಲಿ ಒಂದು ಮನೆಯ ಹವಳವೂ ಉಳಿಯಲಿಲ್ಲ. ಆ ಜನರ ಮುಖ ನೋಡಿದವನು ನಾನು."

ಫ್ಲೇವಿಯಾ ನಕ್ಷೆಯ ಕೆಂಪು ಚುಕ್ಕಿಯ ಕಡೆ ತಿರುಗಿದಳು. ಅವರು ಹೇಳಿದ್ದು ಸರಿಯಾಗಿಯೇ ಇತ್ತು.

"ಗಾಡಿಗಿಂತ ಮೊದಲು ನಾನೊಮ್ಮೆ ಹೋಗಿ ನೋಡಬಹುದಾ?"

"ನೋಡಿ. ಆದರೆ ಗಾಡಿ ನಿಲ್ಲುವುದಿಲ್ಲ."

*

ಮಂಗಳವಾರ ಫ್ಲೇವಿಯಾ ಬಸ್ಸಿನಿಂದ ಇಳಿದು ಬಂದಾಗ ಕ್ಯಾಂಟೀನಿನಲ್ಲಿ ಒಬ್ಬರೂ ಇರಲಿಲ್ಲ. ಪಾಂಡುರಂಗನ ಬಾಯಿ ತನ್ನ ಕೆಲಸ ಮಾಡಿತ್ತು. ಸುಲೋಚನಾ ಅತ್ತು ಮುಖ ಊದಿಸಿಕೊಂಡಿದ್ದಳು. ಮುಕ್ತಾಬಾಯಿ ಮಾತ್ರ ಗಿರಾಕಿ ಇಲ್ಲದಿದ್ದರೂ ಹಟದಿಂದ ಒಳಗೆ ದೋಸೆ ಹೊಯ್ಯುತ್ತಿದ್ದಳು. ನಿನ್ನೆ ನೆನೆಸಿದ ಅಕ್ಕಿ, ಏನು ಮಾಡುವುದು?

"ಬನ್ನಿ ಬಾಯಮ್ಮ," ಎಂದಳು ಮುಕ್ತಾಬಾಯಿ, ಕ್ರೈಸ್ತ ಹೆಂಗಸರನ್ನು ಅಲ್ಲಿ ಕರೆಯುವ ಹಾಗೆ. ಇಬ್ಬರ ಮನೆಮಾತೂ ಕೊಂಕಣಿಯೇ. ಆದರೆ ಮಂಗಳೂರಿನ ಕ್ರೈಸ್ತರ ಕೊಂಕಣಿಯೇ ಬೇರೆ, ಗಂಗೊಳ್ಳಿ ಖಾರ್ವಿಗಳದ್ದೇ ಬೇರೆ. ಎರಡು ಮಾತು ಆಡಿ ನೋಡಿ, ನಕ್ಕು, ಇಬ್ಬರೂ ಕನ್ನಡಕ್ಕೆ ಬಂದರು.

ಫ್ಲೇವಿಯಾ ಒಂದು ಹುಳುವನ್ನು ಹೀರಿ ಬಿಳಿ ಪಿಂಗಾಣಿ ತಟ್ಟೆಗೆ ಬಿಟ್ಟಳು. ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದಳು. ಹವಳದ ಬುಡವನ್ನೂ ಟಾರ್ಚು ಹಾಕಿ ನೋಡಿದಳು.

"ಎಂತ ಅದು?" ಎಂದಳು ಸುಲೋಚನಾ.

"ಮನೆಯ ತೊಟ್ಟಿಗಳಲ್ಲಿ ನಾವು ಸಾಮಾನ್ಯವಾಗಿ ನೋಡುವುದು ಮೂರು ತರದ ಚಪ್ಪಟೆ ಹುಳು ಅಕ್ಕ. ತುಕ್ಕಿನ ಬಣ್ಣದ್ದೊಂದು, ಬಾಲ ಕವಲೊಡೆದಿರ್ತದೆ. ಅದು ಹವಳ ತಿನ್ನುವುದಿಲ್ಲ, ಆದರೆ ರಾಶಿ ರಾಶಿ ಆಗಿ ಮೇಲೆ ಕೂತು ಬೆಳಕು ಬೀಳದ ಹಾಗೆ ಮಾಡ್ತದೆ. ಅದಕ್ಕೆ ಔಷಧಿ ಹಾಕಿ ಒಟ್ಟಿಗೆ ಕೊಂದರೆ ಇನ್ನೂ ಕಷ್ಟ, ಸಾಯುವಾಗ ವಿಷ ಬಿಡ್ತದೆ. ಇನ್ನೊಂದು ಗಾಜಿನ ಮೇಲೆ ಹರಿದಾಡುವ ಸಣ್ಣ ಬಿಳಿಯದ್ದು. ಅದರಿಂದ ಯಾರಿಗೂ ತೊಂದರೆ ಇಲ್ಲ. ಮತ್ತೊಂದು ಹವಳ ತಿನ್ನುವಂಥದ್ದು. ಹವಳದ್ದೇ ಬಣ್ಣ, ಬುಡದಲ್ಲಿ ಮೊಟ್ಟೆ ಅಂಟಿಸಿರ್ತದೆ."

"ನಮ್ಮದು?"

"ಬಣ್ಣ ಹವಳದ್ದೇ. ಬುಡದಲ್ಲಿ ಮೊಟ್ಟೆಯೂ ಉಂಟು."

ಸುಲೋಚನಾ ಬೆಂಚಿನ ಮೇಲೆ ಕೂತಳು.

"ತಡೀರಿ. ಅದು ತಿಂದ ಜಾಗ ದುಂಡಗೆ ಬೆಳ್ಳಗೆ ಇರಬೇಕು, ಒಳಗಿನ ಎಲುಬು ಕಾಣಬೇಕು. ಇಲ್ಲಿಯೂ ದುಂಡಗಿನ ಕಲೆ ಉಂಟು. ಅದನ್ನು ನೋಡಿಯೇ ನಿಮ್ಮ ಕಣ್ಣು ಕೆಂಪು ದೀಪ ಹಾಕಿದ್ದು. ಆದರೆ ಈ ಕಲೆ ಬೆಳ್ಳಗಿಲ್ಲ. ಸುತ್ತಲಿಗಿಂತ ಕಪ್ಪಾಗಿ ಉಂಟು."

"ಹಾಗಾದರೆ ಇದು ಒಳ್ಳೆಯದಾ ಕೆಟ್ಟದ್ದಾ?"

"ಗೊತ್ತಿಲ್ಲ."

"ಗೊತ್ತಿಲ್ಲವಾ?" ಸುಲೋಚನಾಳ ದನಿ ಏರಿತು. "ಗೊತ್ತಿಲ್ಲ ಅಂತ ಹೇಳಲಿಕ್ಕೆ ನೀವು ಮಲ್ಪೆಯಿಂದ ಬರಬೇಕಾ? ನಮ್ಮ ಅತ್ತೆಯನ್ನು ಕೇಳಿದ್ದರೆ ಅವರೇ ಹೇಳ್ತಿದ್ದರು!"

"ನನ್ನನ್ನು ಎಂತಕ್ಕೆ ಎಳೀತಿ?" ಎಂದು ಒಳಗಿನಿಂದ ಕೇಳಿಸಿತು.

ಫ್ಲೇವಿಯಾ ಸಿಟ್ಟಾಗಲಿಲ್ಲ. ಹುಳುವನ್ನು ಮತ್ತೆ ತೊಟ್ಟಿಗೆ ಬಿಡಲು ಬಗ್ಗಿ, ಊರಿಕೊಳ್ಳಲು ಗಾಜಿಗೆ ಕೈ ಇಟ್ಟಳು. ತಕ್ಷಣ ಕೈ ತೆಗೆದು, ಮತ್ತೆ ಇಟ್ಟಳು. ಆಮೇಲೆ ತೋಳು ಏರಿಸಿ ಮೊಣಕೈವರೆಗೆ ನೀರಿಗೆ ಇಳಿಸಿದಳು.

"ಅಕ್ಕ, ನೀರು ಬಿಸಿ ಉಂಟಲ್ಲ?"

ಕಣ್ಣಿನ ಪರದೆಯಲ್ಲಿ ಇಪ್ಪತ್ತಾರು ಡಿಗ್ರಿ ಎಂದಿತ್ತು. ಅವಳು ಚೀಲದಿಂದ ತೆಗೆದು ಅದ್ದಿದ ಉಷ್ಣಮಾಪಕ ಮೂವತ್ತೆರಡು ತೋರಿಸಿತು. ಹವಳ ತಡೆಯದ ಸೆಕೆ ಅದು. ನೇತ್ರಾಣಿ ಬೆಳ್ಳಗಾದದ್ದು ಅದಕ್ಕಿಂತ ಕಡಿಮೆಯಲ್ಲಿ. ಫ್ಲೇವಿಯಾ ಗೋಡೆ ಮುಟ್ಟಿ ನೋಡಿದಳು. ಗೋಡೆ ಸುಡುತ್ತಿತ್ತು. ಆಚೆ ಬದಿಯಲ್ಲಿ ಸರಿಯಾಗಿ ಅಲ್ಲಿಯೇ ದೋಸೆಯ ಕಾವಲಿ. ಬಿಸಿ ಅಳೆಯಲು ಕಣ್ಣಿನಿಂದ ನೀರಿಗೆ ಇಳಿದ ತಂತಿಯ ಜಾಡು ಹಿಡಿದು ಹೋದರೆ, ಅದರ ತುದಿ ಚಿಲ್ಲರಿನಿಂದ ತಣ್ಣೀರು ಬಂದು ಬೀಳುವ ಕೊಳವೆಯ ಬಾಯಿಯಲ್ಲಿ, ರಬ್ಬರ್ ಬ್ಯಾಂಡು ಹಾಕಿ ಕಟ್ಟಿತ್ತು.

"ಇದನ್ನು ಇಲ್ಲಿ ಕಟ್ಟಿದ್ದು ಯಾರು?"

ಸುಲೋಚನಾ ಬಗ್ಗಿ ತಂತಿ ನೋಡಿದಳು. ಅವಳಿಗೇ ಗೊತ್ತಿರಲಿಲ್ಲ.

"ನಾನು," ಎಂದಳು ಮುಕ್ತಾಬಾಯಿ, ಸೌಟು ಹಿಡಿದುಕೊಂಡೇ ಬಂದು. "ಎಂತಕ್ಕೆ? ದೋಸೆ ಹೊಯ್ಯುವ ಹೊತ್ತಿಗೆ ಆ ಕಣ್ಣು ದಿನಾ ಕೂಗ್ತಿತ್ತು ಪಾಪ, ಸೆಕೆ ಸೆಕೆ ಅಂತ. ನನಗೂ ಒಲೆಯ ಮುಂದೆ ಹಾಗೇ ಆಗ್ತದೆ, ನಾನು ಹೇಳ್ತೇನಾ? ಅದರ ಮೂಗು ತಣ್ಣಗಿರುವಲ್ಲಿ ಇಟ್ಟೆ. ಆಮೇಲೆ ಸುಮ್ಮನಾಯಿತು."

"ಯಾವಾಗ ಅತ್ತೆ?" ಎಂದಳು ಸುಲೋಚನಾ.

"ತೊಟ್ಟಿ ಬಂದ ವರ್ಷವೇ. ಯಂತ್ರಕ್ಕೂ ಜೀವ ಅಲ್ಲವಾ?"

ಅಂದರೆ ಮೂರು ವರ್ಷದಿಂದ ಚಿಲ್ಲರ್, ತೊಟ್ಟಿ ತಣ್ಣಗಿದೆ ಎಂದುಕೊಂಡು ಬೇಗ ಬೇಗ ನಿಂತುಬಿಡುತ್ತಿತ್ತು. ದಿನಾ ಬೆಳಿಗ್ಗೆ ದೋಸೆಯ ಹೊತ್ತಿಗೆ ನೀರು ಕಾಯುತ್ತಿತ್ತು, ಮಧ್ಯಾಹ್ನದ ಮೇಲೆ ಆರುತ್ತಿತ್ತು. ಸುಲೋಚನಾ ಎರಡೂ ಕೈಯಿಂದ ತಲೆ ಹಿಡಿದುಕೊಂಡಳು. ಹುಳದ ಜೊತೆ ಈಗ ಇದೂ ಒಂದು. ಗುರುವಾರದವರೆಗೂ ಕಾಯದೆ ಇವತ್ತೇ ಒಯ್ಯುತ್ತಾರೆ ಎಂದುಕೊಂಡಳು.

ಆದರೆ ಫ್ಲೇವಿಯಾ ಹವಳವನ್ನೇ ನೋಡುತ್ತಾ ನಿಂತಿದ್ದಳು. "ಇಷ್ಟು ಸೆಕೆಯಲ್ಲಿ ಇದು ಯಾವತ್ತೋ ಬೆಳ್ಳಗಾಗಬೇಕಿತ್ತು," ಎಂದಳು ಕೊನೆಗೆ. "ಯಾಕೆ ಆಗಲಿಲ್ಲ?"

ಮುಕ್ತಾಬಾಯಿ ಅವಳ ಮುಂದೆ ದೋಸೆಯ ತಟ್ಟೆ ಇಟ್ಟಳು. ತಿನ್ನುತ್ತಾ ಫ್ಲೇವಿಯಾ ವಿವರಿಸಿದಳು. ಹವಳದ ಬಣ್ಣ ಹವಳದ್ದಲ್ಲ. ಅದರ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ವಾಸ ಮಾಡುತ್ತದೆ. ಆ ಪಾಚಿ ಬೆಳಕಿನಲ್ಲಿ ಅಡುಗೆ ಮಾಡಿ ಹವಳಕ್ಕೂ ಬಡಿಸುತ್ತದೆ. ಸೆಕೆ ಜಾಸ್ತಿಯಾದರೆ ಇಬ್ಬರಿಗೂ ಹೊಂದುವುದಿಲ್ಲ. ಹವಳ ಪಾಚಿಯನ್ನು ಹೊರಗೆ ಹಾಕುತ್ತದೆ, ಬೆಳ್ಳಗಾಗುತ್ತದೆ, ಆಮೇಲೆ ಹಸಿವಿನಿಂದ ಸಾಯುತ್ತದೆ.

"ಅಡುಗೆಯವಳನ್ನು ಓಡಿಸಿದ ಮನೆಯ ಹಾಗೆ," ಎಂದಳು ಸುಲೋಚನಾ.

"ಹಾಗೇ. ಈಗ ಈ ಹುಳದ ಮೈಯೂ ಕಂದು ಬಣ್ಣ. ಅಂದರೆ ಅದರೊಳಗೂ ಆ ಪಾಚಿ ಉಂಟು. ತಿಂದು ಅರಗಿಸಿಕೊಂಡದ್ದಾ, ಜೀವಂತ ಇಟ್ಟುಕೊಂಡದ್ದಾ? ಜೀವಂತ ಇದ್ದರೆ, ಕೂತಲ್ಲೆಲ್ಲ ಲೋಳೆಯ ಜೊತೆ ಅದನ್ನು ಬಿಟ್ಟು ಹೋಗ್ತಿರಬಹುದು. ಮೂರು ವರ್ಷ ನಿಮ್ಮ ಅತ್ತೆಯ ಕಾವಲಿಯ ಸೆಕೆಗೆ ಪಳಗಿದ ಪಾಚಿ. ಆ ಕಪ್ಪು ಕಲೆ ತಿಂದದ್ದಲ್ಲ, ಕೊಟ್ಟದ್ದು ಅಂತ ಆಗ್ತದೆ."

"ಆಗ್ತದಾ, ಆಗಿದೆಯಾ?"

"ಆಗಿರಬಹುದು. ತೋರಿಸಬೇಕಾದರೆ ಬೆಳ್ಳಗಾದ ಹವಳ ಒಂದನ್ನು ಈ ಹುಳದ ಜೊತೆ ಇಟ್ಟು ನೋಡಬೇಕು. ತಿಂದರೆ ಎರಡು ದಿನದಲ್ಲಿ ಗೊತ್ತಾಗ್ತದೆ. ಬಣ್ಣ ಬರಬೇಕಾದರೆ ಒಂದು ವಾರವಾದರೂ ಬೇಕು. ಗುರುವಾರ ಗಾಡಿ ಬರ್ತದೆ."

ಅವಳು ಕಾಮತರಿಗೆ ಫೋನು ಮಾಡಿ ಎಲ್ಲ ಹೇಳಿದಳು. ಅತ್ತ ಕಡೆಯಿಂದ ಬಂದದ್ದು ಒಂದೇ ಮಾತು, ಇದೆಲ್ಲ ಊಹೆ ಎಂದು. ಸುಲೋಚನಾ ಕೈ ಚಾಚಿ ಫೋನು ತೆಗೆದುಕೊಂಡಳು.

"ನಮಸ್ಕಾರ ಸರ್, ನಾನು ಸುಲೋಚನಾ. ಬೆಳ್ಳಗಾದ ಹವಳವನ್ನು ನೀವು ಎಂತ ಮಾಡ್ತೀರಿ?"

"ಏನು ಮಾಡಲಿಕ್ಕೂ ಇಲ್ಲಮ್ಮ. ಸಾಯ್ತದೆ, ಎಸೀತೇವೆ."

"ಎಸೆಯುವುದನ್ನೇ ನನಗೆ ಕೊಡಿ. ನಿಮ್ಮದು ಹೋಗುವುದು ಎಂತದೂ ಇಲ್ಲ. ಹೋದರೆ ನನ್ನದು."

"ಹುಳು ಪಕ್ಕದ ಮನೆಗೆ ಹೋದರೆ?"

"ಒಂದು ಲೋಟ ನೀರೂ ಹೊರಗೆ ಹೋಗುವುದಿಲ್ಲ. ಬದಲಾಯಿಸಿದ ನೀರನ್ನೆಲ್ಲ ಹಂಡೆಯಲ್ಲಿ ಕುದಿಸಿಯೇ ಚೆಲ್ತೇನೆ. ನಮಗೆ ಒಲೆ ಹೊಸತಲ್ಲ. ಬೈಂದೂರಿನದ್ದು ನನಗೂ ಗೊತ್ತುಂಟು ಸರ್. ನನ್ನ ಚಿಕ್ಕಮ್ಮನ ಮನೆ ಆ ಬೀದಿಯಲ್ಲೇ."

ಅತ್ತ ಕಡೆ ಕಾಮತರು ಕ್ಯಾಲೆಂಡರು ತಿರುವುವ ಸದ್ದು ಕೇಳಿಸಿತು.

"ಗುರುವಾರ ಬೇಡ. ಮುಂದಿನ ಬುಧವಾರ ಗಾಡಿಯ ಜೊತೆ ನಾನೇ ಬರ್ತೇನೆ," ಎಂದರು. "ಬಿಳಿ ಹವಳವನ್ನು ಎರಡು ತುಂಡು ಮಾಡಿ. ಒಂದು ನಿಮ್ಮಲ್ಲಿ, ಇನ್ನೊಂದು ನಮ್ಮಲ್ಲಿ, ಹುಳು ಇಲ್ಲದ ತೊಟ್ಟಿಯಲ್ಲಿ. ಅಷ್ಟೇ ಬಿಸಿ, ಅಷ್ಟೇ ಬೆಳಕು. ಆಮೇಲೆ ನನ್ನನ್ನು ದೂರಬಾರದು."

*

ಕಷ್ಟ ಬಂದದ್ದು ಯಾರೂ ಎಣಿಸದ ಕಡೆಯಿಂದ. ಪರೀಕ್ಷೆಗೆ ನೀರು ಮೊದಲಿನ ಹಾಗೇ ಕಾಯಬೇಕು, ಕಾಯಬೇಕಾದರೆ ಬೆಳಿಗ್ಗೆ ಪೂರ್ತಿ ಕಾವಲಿ ಉರಿಯಬೇಕು. ಕಾವಲಿ ಉರಿಯಬೇಕಾದರೆ ದೋಸೆ ಹೊಯ್ಯಬೇಕು. ತಿನ್ನುವವರು ಯಾರು? ಹುಳದ ಮನೆಯ ದೋಸೆ ಎಂದು ಜನ ಮುಂದಿನ ಅಂಗಡಿಗೆ ಹೋಗುತ್ತಿದ್ದರು.

"ಖಾಲಿ ಕಾವಲಿ ಕಾಯಿಸಿದರೆ ಸಾಲದಾ?" ಎಂದು ಫ್ಲೇವಿಯಾ ಫೋನಿನಲ್ಲಿ ಕೇಳಿದಳು.

"ಖಾಲಿ ಕಾವಲಿ ಕಾಯಿಸುವುದು ಸಾವಿನ ಮನೆಯಲ್ಲೂ ಇಲ್ಲ," ಎಂದಳು ಮುಕ್ತಾಬಾಯಿ. ಅಲ್ಲಿಗೆ ಆ ಮಾತು ಮುಗಿಯಿತು.

ಅವಳು ಹೊಯ್ದಳು. ಸುಲೋಚನಾ ಬುಟ್ಟಿಯಲ್ಲಿ ಹೊತ್ತು ಬಂದರಿಗೆ ಹೋದಳು. ಬಲೆ ಹೆಣೆಯುವವರಿಗೆ, ಐಸು ಒಡೆಯುವವರಿಗೆ, ಮೀನು ವಿಂಗಡಿಸುವ ಹೆಂಗಸರಿಗೆ ಹಂಚಿದಳು. ಮೊದಲ ದಿನ ಅನುಮಾನದಿಂದ ತೆಗೆದುಕೊಂಡರು. ಎರಡನೆಯ ದಿನ ಚಟ್ನಿ ಯಾಕಿಲ್ಲ ಎಂದು ಕೇಳಿದರು. ಮೂರನೆಯ ದಿನ ಪಾಂಡುರಂಗ ಬಂದರಿನ ಹುಡುಗರನ್ನು ಕಟ್ಟಿಕೊಂಡು ಕ್ಯಾಂಟೀನಿಗೇ ಬಂದ.

"ಬುಟ್ಟಿಯಲ್ಲಿ ಬಂದರೆ ತಣ್ಣಗಾಗ್ತದೆ," ಎಂದ, ಯಾರ ಮುಖವನ್ನೂ ನೋಡದೆ.

"ಹುಳು ಉಂಟು, ಜಾಗ್ರತೆ," ಎಂದಳು ಮುಕ್ತಾಬಾಯಿ.

"ಅದಕ್ಕೂ ಒಂದು ಪ್ಲೇಟು ಕೊಡಿ, ನನ್ನ ಲೆಕ್ಕದಲ್ಲಿ."

ಕೇಂದ್ರದವರು ಮರುದಿನವೇ ಕಳಿಸಿದ ಬಿಳಿ ಹವಳದ ತುಂಡನ್ನು ಕಂದು ಹವಳದ ಪಕ್ಕದಲ್ಲೇ ಇಟ್ಟಿದ್ದರು. ಅದರ ಮಾಂಸ ಗಾಜಿನ ಹಾಗೆ ಆಗಿ ಒಳಗಿನ ಎಲುಬು ಕಾಣುತ್ತಿತ್ತು. ಹುಳುಗಳು ಮೊದಲು ಅದರ ಹತ್ತಿರ ಸುಳಿಯಲಿಲ್ಲ. ಶುಕ್ರವಾರ ಒಂದು ಹತ್ತಿತು. ಶನಿವಾರ ನೋಡುವಾಗ ಮೈ ತುಂಬ ಇದ್ದವು. ಬೆಳ್ಳನೆಯ ಮೈ ಮೇಲೆ ಈಗ ಅವು ಅಡಗಿ ಕೂರುವಂತಿರಲಿಲ್ಲ. ಭಾನುವಾರ ಒಂದು ಕವಲಿನ ಮಾಂಸ ನೂಲು ನೂಲಾಗಿ ಕಿತ್ತು ಬಂತು.

ಸುಲೋಚನಾಳ ಕೈ ತಾನಾಗಿ ಪಿಚಕಾರಿಯ ಕಡೆ ಹೋಯಿತು. ಒಂದು ಸಲ ಒತ್ತಿದರೆ ಎಲ್ಲ ಎದ್ದು ಹೋಗುತ್ತವೆ, ಬಲೆಯಲ್ಲಿ ಹಿಡಿದು ಒಲೆಗೆ ಹಾಕಬಹುದು, ಕಡೆಗೆ ತನ್ನ ಹವಳವಾದರೂ ಉಳಿದೀತು. ಒತ್ತಲಿಲ್ಲ. ಫ್ಲೇವಿಯಾಗೆ ಫೋನು ಮಾಡಿದಳು.

"ಮೇಡಂ, ತಿಂತಾ ಉಂಟು. ಒಂದು ಕವಲು ಹೋಯಿತು."

ಮಲ್ಪೆಯಲ್ಲಿ ಫ್ಲೇವಿಯಾ ಇನ್ನೊಂದು ತುಂಡಿನ ಮುಂದೆ ಕೂತಿದ್ದಳು. "ಇಲ್ಲಿ ಎರಡು ಹೋಯಿತು ಅಕ್ಕ," ಎಂದಳು. "ಇಲ್ಲಿ ಒಂದೂ ಹುಳು ಇಲ್ಲ."

ಹಾಗಾದರೆ ಕವಲು ತೆಗೆದದ್ದು ಹುಳು ಅಲ್ಲ, ಹಸಿವು. ಸುಲೋಚನಾ ಪಿಚಕಾರಿಯನ್ನು ಕಪಾಟಿನ ಮೇಲೆ ಎತ್ತಿಟ್ಟು, ಅಡುಗೆಮನೆಗೆ ಹೋಗಿ ಅತ್ತೆಯ ಕೈಯಿಂದ ಸೌಟು ತೆಗೆದುಕೊಂಡಳು.

"ನೀವು ಸ್ವಲ್ಪ ಕೂತ್ಕೊಳ್ಳಿ ಅತ್ತೆ. ನಾನು ಹೊಯ್ತೇನೆ."

*

ಬುಧವಾರ ಫ್ಲೇವಿಯಾಳ ಜೊತೆ ಕಾಮತರು ಬಂದರು. ಅಂಗಳದಲ್ಲಿ ಗಾಡಿ ನಿಂತಿತು, ಗಾಡಿಯಲ್ಲಿ ನೀಲಿ ಡ್ರಮ್ಮು. ಕ್ಯಾಂಟೀನಿನಲ್ಲಿ ತಿನ್ನುತ್ತಿದ್ದವರೆಲ್ಲ ತಿನ್ನುವುದು ನಿಲ್ಲಿಸಿದರು.

ಕಾಮತರು ಚಪ್ಪಲಿ ಬಿಟ್ಟು ಒಳಗೆ ಬಂದು, ತೊಟ್ಟಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತರು. ಬಿಳಿ ಹವಳದ ಮೇಲೆ ಅಲ್ಲಲ್ಲಿ, ಹಿಟ್ಟಿನ ಮೇಲೆ ಕೊಳೆಯಾದ ಹೆಬ್ಬೆರಳು ಒತ್ತಿದ ಹಾಗೆ, ತಿಳಿ ಕಂದು ಬಣ್ಣದ ದುಂಡನೆಯ ಕಲೆಗಳಿದ್ದವು.

"ಇದು ಸತ್ತದ್ದರ ಮೇಲೆ ಹತ್ತಿದ ಕೊಳಕು ಪಾಚಿ ಯಾಕಾಗಬಾರದು?" ಎಂದರು.

"ಅದಾದರೆ ಉಜ್ಜಿದರೆ ಬರಬೇಕು," ಎಂದಳು ಫ್ಲೇವಿಯಾ. ಮೆದುವಾದ ಕುಂಚ ಕೊಟ್ಟಳು. ಕಾಮತರು ತಾವೇ ಉಜ್ಜಿದರು. ಬರಲಿಲ್ಲ. ನೀಲಿ ದೀಪ ಹಿಡಿದು, ಬೇರೆಲ್ಲ ದೀಪ ಆರಿಸಲು ಹೇಳಿದರು. ಪಾಂಡುರಂಗ ಎದ್ದು ಬಾಗಿಲು ಎಳೆದ. ಕತ್ತಲೆಯಲ್ಲಿ ಆ ಕಲೆಗಳ ಸುತ್ತ ಜೀವಂತ ಮಾಂಸ ಹಸಿರಾಗಿ ಹೊಳೆಯಿತು. ಭೂತಗನ್ನಡಿಯಲ್ಲಿ ನೋಡಿದರೆ, ಕಲೆ ಇದ್ದಲ್ಲಿ ಮಾತ್ರ ಹವಳದ ಸಣ್ಣ ಸಣ್ಣ ಬಾಯಿಗಳು ಬಿಚ್ಚಿಕೊಂಡು, ಕೂದಲಿನಂಥ ಬೆರಳುಗಳು ನೀರಿನಲ್ಲಿ ಆಡುತ್ತಿದ್ದವು.

"ನಮ್ಮಲ್ಲಿದ್ದ ಇನ್ನೊಂದು ತುಂಡು?" ಎಂದು ಅವರು ತಲೆ ಎತ್ತದೆಯೇ ಕೇಳಿದರು.

"ನಿನ್ನೆ ಪೂರ್ತಿ ಹೋಯಿತು ಸರ್."

ಕಾಮತರು ಎದ್ದು ಬೆಂಚಿನ ಮೇಲೆ ಕೂತರು. ಮಂಡಿ ಉಜ್ಜಿಕೊಂಡರು. "ಸಮುದ್ರಕ್ಕೆ ಈ ಹುಳು ಬಿಡುವುದು ಈಗಿನ ಮಾತಲ್ಲ," ಎಂದರು. "ಅಲ್ಲಿ ಇನ್ಯಾರಿಗೆ ಏನು ಮಾಡ್ತದೋ ಗೊತ್ತಿಲ್ಲ. ಅದನ್ನು ನೋಡಲಿಕ್ಕೆ ವರ್ಷಗಳು ಬೇಕು. ಇದಕ್ಕೊಂದು ಹೆಸರೂ ಇಲ್ಲ ಇನ್ನೂ."

"ನನ್ನ ಹವಳ?" ಎಂದಳು ಸುಲೋಚನಾ.

"ನಿಮ್ಮ ಹವಳವನ್ನು ಮುಟ್ಟುವ ಧೈರ್ಯ ನನಗಿಲ್ಲಮ್ಮ. ಆದರೆ ಈ ಮಳೆಗಾಲದ ಮೇಲೆ ಸಮುದ್ರಕ್ಕೆ ಕಳಿಸುವ ಹಾಗೂ ಇಲ್ಲ. ಇಲ್ಲೇ ಇರಬೇಕು. ಹುಳದ ಜೊತೆಗೇ."

ಸುಲೋಚನಾ ಸೆರಗಿನಿಂದ ಮುಖ ಒರೆಸಿಕೊಂಡಳು. ಪಾಂಡುರಂಗ ಬಾಗಿಲು ತೆರೆದ. ಬೆಳಕು ಬಂತು, ಎಲ್ಲರಿಗೂ ಒಟ್ಟಿಗೆ ಮಾತು ಬಂತು.

"ಗಾಡಿ ಖಾಲಿ ಕಳಿಸುವುದಾ ಸರ್?" ಎಂದು ಚಾಲಕ ಕೇಳಿದ.

"ಖಾಲಿ ಯಾಕೆ?" ಎಂದಳು ಸುಲೋಚನಾ. "ಗಂಗೊಳ್ಳಿ, ತ್ರಾಸಿ, ಮರವಂತೆ, ಎಲ್ಲ ಕಡೆ ಬಿಳಿ ಹವಳ ಸಾಯ್ತಾ ಉಂಟಲ್ಲ? ಡ್ರಮ್ಮಿಗೆ ಉಪ್ಪುನೀರು ತುಂಬಿ, ಎಲ್ಲ ಇಲ್ಲಿಗೆ ತನ್ನಿ. ಇಲ್ಲಿ ಬಂದದ್ದು ಹುಳದ ಜೊತೆ ಇಲ್ಲೇ ಉಳಿಯಲಿ, ಹೊರಗೆ ಹೋಗುವುದು ಬೇಡ."

ಕಾಮತರು ಫ್ಲೇವಿಯಾಳ ಮುಖ ನೋಡಿದರು. ಫ್ಲೇವಿಯಾ ತಲೆ ಆಡಿಸಿದಳು. "ತನ್ನಿ," ಎಂದರು.

"ಆದರೆ ಈ ಗಾಡಿ ನೋಡಿದರೆ ಯಾರೂ ಕೊಡುವುದಿಲ್ಲ ಸರ್," ಎಂದ ಚಾಲಕ. "ನನ್ನನ್ನು ಕಂಡರೆ ಬಾಗಿಲು ಹಾಕ್ತಾರೆ."

ಸುಲೋಚನಾ ಅವನ ಪಕ್ಕದ ಸೀಟಿನಲ್ಲಿ ಹತ್ತಿ ಕೂತಳು.

ಅವನು ಹೇಳಿದ್ದು ನಿಜ. ತ್ರಾಸಿಯ ಟೈಲರ್ ಸಂಜೀವ ದೇವಾಡಿಗರು ಗಾಡಿ ತಿರುಗುವುದನ್ನು ಕಂಡು ಹೊಲಿಗೆ ಬಿಟ್ಟು ಎದ್ದು ಬಾಗಿಲಿಗೆ ಅಡ್ಡ ನಿಂತರು. ಅವರ ಹಿಂದೆ, ಬಟ್ಟೆಯ ಮೂಟೆಗಳ ನಡುವೆ ತೊಟ್ಟಿಯ ದೀಪ ಇನ್ನೂ ಉರಿಯುತ್ತಿತ್ತು. ಒಳಗೆ ಹಾಲಿನಂಥ ಬಿಳುಪು.

"ಸತ್ತದ್ದನ್ನು ಒಯ್ಯಲಿಕ್ಕೂ ಗಾಡಿ ಬೇಕಾ?" ಎಂದರು. "ಇರಲಿ ಬಿಡಿ, ಇಲ್ಲೇ ಇರಲಿ. ನನ್ನ ಹತ್ತಿರವೇ ಇರಲಿ."

ಸುಲೋಚನಾ ಇಳಿದು ಹತ್ತಿರ ಹೋದಳು. ಗಾಜಿನ ಒಳಗೆ ಬಗ್ಗಿ ನೋಡಿದಳು.

"ಸತ್ತಿಲ್ಲ ಅಣ್ಣ," ಎಂದಳು. "ಹಸಿದಿದೆ."

ಸಂಜೀವಣ್ಣ ಅವಳನ್ನೂ ನೀಲಿ ಡ್ರಮ್ಮನ್ನೂ ಮತ್ತೆ ಮತ್ತೆ ನೋಡಿದರು. ಆಮೇಲೆ ಒಳಗೆ ಹೋಗಿ, ಮದುವೆಮನೆಗೆ ತೆಗೆದಿಟ್ಟ ದೊಡ್ಡ ಸ್ಟೀಲಿನ ಪಾತ್ರೆಯಲ್ಲಿ ತೊಟ್ಟಿಯ ನೀರು ತುಂಬಿ, ಹವಳವನ್ನು ಎರಡೂ ಕೈಯಿಂದ ಎತ್ತಿ ಅದರಲ್ಲಿಟ್ಟು, ಡ್ರಮ್ಮಿಗೆ ಹಾಕಲು ಒಪ್ಪದೆ ಪಾತ್ರೆಯನ್ನೇ ಮಡಿಲಲ್ಲಿ ಹಿಡಿದುಕೊಂಡು ಗಾಡಿಯ ಹಿಂದೆ ಹತ್ತಿದರು.

"ನಾನೂ ಬರಬಹುದಲ್ಲ?" ಎಂದು ಕೂತ ಮೇಲೆ ಕೇಳಿದರು.

"ಬರಲೇಬೇಕು," ಎಂದಳು ಸುಲೋಚನಾ. "ದಿನಾ ಬೆಳಿಗ್ಗೆ ಬರಬೇಕು. ನಮಗೆ ದೋಸೆ ತಿನ್ನಲಿಕ್ಕೆ ಜನ ಸಾಲುವುದಿಲ್ಲ."